ಫೆರಿ ಹಡಗಿನಲ್ಲಿ ಲಾರಿ ಚಾಲಕರ ಊಟ: ಸಿಗುವ 90 ನಿಮಿಷದಲ್ಲಿ ಉಣ್ಣಬೇಕೋ, ಮಲಗಬೇಕೋ?

ಶೈತ್ಯಲಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ಬಂದರುಗಳ ನಡುವೆ ತರಕಾರಿ ತುಂಬಿದ ಶೈತ್ಯಲಾರಿ ಓಡಿಸುತ್ತ ನನಗೆ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಮನೆಯಲ್ಲಿ ಕುಳಿತು ಉಂಡದ್ದಕ್ಕಿಂತ ಹಡಗಿನ ಚಾಲಕರ ಕೋಣೆಯಲ್ಲಿ ಉಂಡದ್ದೇ ಹೆಚ್ಚಿರಬೇಕು. ಹೀಗಿದ್ದೂ ಆ ಊಟ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಚೆನ್ನಾಗಿರುತ್ತದೆ ಎಂದಾಗಲಿ, ಚೆನ್ನಾಗಿರುವುದಿಲ್ಲ ಎಂದಾಗಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನೆನಪಿಗೆ ಬರುವುದು ಗೋಡೆಯ ಮೇಲಿನ ಗಡಿಯಾರ ಮಾತ್ರ.

ಆ ಮಾರ್ಗದಲ್ಲಿ ಕಡಲು ದಾಟಲು ಸುಮಾರು 90 ನಿಮಿಷ ಬೇಕು. ಕೊನೆಯಲ್ಲಿ ಹತ್ತಿಸಿಕೊಂಡ ಲಾರಿ ನಿಮ್ಮದಾಗಿದ್ದರೆ, ಅದನ್ನು ಡೆಕ್ಕಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದು, ಮೂರು ನಾಲ್ಕು ಮಹಡಿಯಷ್ಟು ಮೆಟ್ಟಿಲು ಹತ್ತಿ ಊಟದ ಸಾಲು ಸೇರುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿರುತ್ತದೆ. ಆಚೆ ದಡ ಕಾಣಿಸಿದ ಮೇಲೆ, ಹಡಗು ಕಟ್ಟೆಗೆ ತಾಗುವ ಎಷ್ಟೋ ಮೊದಲೇ, ಚಾಲಕರು ವಾಹನಗಳಿಗೆ ಮರಳಬೇಕೆಂಬ ಪ್ರಕಟಣೆ ಬರುತ್ತದೆ. ನಡುವೆ ಉಳಿಯುವುದು ಒಂದು ಗಂಟೆ. ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ಕಡ್ಡಾಯವಾಗಿರುವುದರಿಂದ, ಆ ವಿರಾಮವನ್ನು ಕಡಲಿನ ಮೇಲೆಯೇ ಮುಗಿಸಿಬಿಟ್ಟರೆ ಇಳಿದ ಕೂಡಲೇ ಹೆದ್ದಾರಿ ಹಿಡಿಯಬಹುದು ಎಂಬುದು ಮಾಲೀಕರ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಆ 45 ನಿಮಿಷದಲ್ಲಿ ಹೊಟ್ಟೆಗೂ ಪಾಲು ಬೇಕು, ಕಣ್ಣಿಗೂ ಪಾಲು ಬೇಕು.

ಮೊನ್ನೆ ರಾತ್ರಿ 2 ಗಂಟೆ 40 ನಿಮಿಷಕ್ಕೆ ನನ್ನ ಟ್ರೇಯಲ್ಲಿ ಇದ್ದದ್ದು ಇಷ್ಟು: ಮೆತ್ತಗಾದ ಆಲೂಗಡ್ಡೆ ಚಿಪ್ಸ್, ಡಬ್ಬಿಯ ಹಸಿರು ಬಟಾಣಿ, ಎರಡು ಸಾಸೇಜ್, ಅದರ ಮೇಲೆ ಕೆನೆಗಟ್ಟಿದ ಕಂದು ಬಣ್ಣದ ಗೊಜ್ಜು. ನಾಲ್ಕು ಮಹಡಿ ಕೆಳಗೆ, ನನ್ನದೇ ಟ್ರೇಲರ್‌ನಲ್ಲಿ, 33 ಪ್ಯಾಲೆಟ್‌ಗಳ ತುಂಬ ಆಗತಾನೇ ಕೊಯ್ದ ಟೊಮೇಟೊ, ಸೌತೆಕಾಯಿ, ಲೆಟ್ಯೂಸ್ ಸೊಪ್ಪು ತಣ್ಣಗೆ ಕುಳಿತಿದ್ದವು. ನಗು ಬಂತು. ಎದುರಿನ ಮೇಜಿನಲ್ಲಿ ಒಬ್ಬರು ಊಟಕ್ಕೆ ಕೈಯನ್ನೇ ಹಾಕದೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಅವರು ಮಾಡಿದ್ದು ಸರಿಯೋ, ನಾನು ಮಾಡಿದ್ದು ಸರಿಯೋ ಎಂಬುದು ಅಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ. ರುಚಿಯ ದೂರುಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು, ಬೇರೆ ಬೇರೆ ಮಾರ್ಗಗಳಲ್ಲಿ ಓಡಾಡಿದವರು ಈ ಸಮಯವನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂದು ಬರೆಯಬೇಕೆಂದು ವಿನಂತಿ.

ಉತ್ತರಸಮುದ್ರ

ಶೈತ್ಯಲಾರಿಯವರೇ, ಉಣ್ಣಬೇಕೋ ಮಲಗಬೇಕೋ ಎಂಬ ಪ್ರಶ್ನೆ ಬರುವುದು ನೀವು ಅಷ್ಟು ಸಣ್ಣ ಮಾರ್ಗದಲ್ಲಿ ದಾಟುತ್ತಿರುವುದರಿಂದ. ನಾನು ಇಂಗ್ಲೆಂಡಿನ ಹಲ್ ಬಂದರಿನಿಂದ ರಾಟರ್‌ಡ್ಯಾಮ್ ಕಡೆಗೆ ರಾತ್ರಿ ಹಡಗಿನಲ್ಲಿ ಹೋಗುವವನು. ಸಂಜೆ ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. ಅಲ್ಲಿ ಎರಡಕ್ಕೂ ಸಮಯವಿದೆ, ಮಲಗಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೂ ಇದೆ.

ಇಷ್ಟಾದರೂ ಗಡಿಯಾರದ ಕಾಟ ತಪ್ಪಿದ್ದಲ್ಲ. ಚಾಲನಾ ಸಮಯದ ಬಗ್ಗೆ ಯುರೋಪಿನ ಒಕ್ಕೂಟ ಮಾಡಿದ 561/2006 ಸಂಖ್ಯೆಯ ನಿಯಮಾವಳಿಯಲ್ಲಿ ಫೆರಿ ಮತ್ತು ರೈಲಿಗಾಗಿಯೇ ಒಂದು ವಿನಾಯಿತಿ ಇದೆ. ಹಡಗಿನಲ್ಲಿ ಹೋಗುವ ಲಾರಿಯ ಜೊತೆಗಿರುವ ಚಾಲಕ 11 ಗಂಟೆಗಳ ಪೂರ್ಣ ದೈನಿಕ ವಿಶ್ರಾಂತಿಯನ್ನು ಹೆಚ್ಚೆಂದರೆ ಎರಡು ಸಲ, ಒಟ್ಟು ಒಂದು ಗಂಟೆ ಮೀರದಂತೆ ಮುರಿಯಬಹುದು. ಮಲಗಲು ಹಾಸಿಗೆಯ ವ್ಯವಸ್ಥೆ ಇರಬೇಕೆಂಬುದು ಷರತ್ತು. ಅಂದರೆ ಬಂದರಿನ ಸಾಲಿನಲ್ಲಿ ನಿಂತಾಗಲೇ ವಿಶ್ರಾಂತಿ ಆರಂಭವಾಗಿ, ಹಡಗು ಹತ್ತುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ಮುರಿದು, ಉಳಿದದ್ದು ಆಚೆ ದಡದಲ್ಲಿ ಪೂರ್ಣಗೊಳ್ಳುತ್ತದೆ. 2020ರ ತಿದ್ದುಪಡಿಯ ನಂತರ, ಎಂಟು ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಪ್ರಯಾಣವಾಗಿದ್ದು ಚಾಲಕನಿಗೆ ಮಲಗುವ ಕೋಣೆ ಸಿಗುವುದಾದರೆ, ವಾರದ ಪೂರ್ಣ ವಿಶ್ರಾಂತಿಯನ್ನೂ ಹೀಗೆ ತೆಗೆದುಕೊಳ್ಳಬಹುದು. ನಿಯಮ ಹಾಸಿಗೆಯ ಬಗ್ಗೆ ಇಷ್ಟು ಕಾಳಜಿ ತೋರಿಸಿದೆ, ಊಟದ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ ಎಂಬುದನ್ನು ಗಮನಿಸಿ.

ನನ್ನ ಪೇಚಾಟದ ಒಂದು ಪ್ರಸಂಗ ಹೇಳುತ್ತೇನೆ. ಲಾರಿ ಓಡಿದ, ನಿಂತ ಹೊತ್ತನ್ನು ಬರೆದಿಡುವ ಟ್ಯಾಕೋಗ್ರಾಫ್ ಯಂತ್ರ ಸಮಯವನ್ನು ದಾಖಲಿಸುವುದು ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ. ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದೆ, ನೆದರ್ಲೆಂಡ್ಸ್‌ನದು ಎರಡು ಗಂಟೆ ಮುಂದೆ. ಜೇಬಿನಲ್ಲಿರುವ ಮೊಬೈಲಾದರೋ ನಡುಗಡಲಿನಲ್ಲಿ ಯಾವ ದೇಶದ ಸಂಕೇತ ಸಿಕ್ಕಿತೋ ಆ ದೇಶದ ಸಮಯ ತೋರಿಸುತ್ತದೆ. ಬೆಳಗಿನ ಉಪಾಹಾರ ಆರರಿಂದ ಏಳರವರೆಗೆ ಎಂದು ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಯಾರ ಆರು ಗಂಟೆ ಎಂದು ಬರೆದಿರಲಿಲ್ಲ. ನಾನು ನನ್ನ ಮೊಬೈಲಿನ ಆರು ಗಂಟೆಗೆ, ಸ್ನಾನ ಮುಗಿಸಿ, ಕೂದಲು ಬಾಚಿಕೊಂಡು, ಮದುವೆಗೆ ಹೊರಟವನಂತೆ ಹೋದರೆ ಊಟದ ಕೋಣೆಯಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿಸಿ ನೆಲ ಒರೆಸುತ್ತಿದ್ದರು. ಅಂದು ಮಧ್ಯಾಹ್ನದವರೆಗೆ ಒಂದು ಬಿಸ್ಕೆಟ್ ಪೊಟ್ಟಣದಲ್ಲಿ ಕಾಲ ಹಾಕಿದೆ.

ಟ್ಯಾಂಕರ್

ಮೇಲಿನ ಇಬ್ಬರೂ ಹಡಗಿನವರು ಊಟ ಹಾಕುತ್ತಾರೆ ಎಂಬಂತೆ ಬರೆದಿದ್ದಾರೆ. ಸರಕು ಸಾಗಣೆಯ ಟಿಕೆಟ್‌ನಲ್ಲಿ ಚಾಲಕನ ಊಟವೂ ಸೇರಿರುವುದು ಹಲವು ಮಾರ್ಗಗಳಲ್ಲಿ ನಡೆದುಬಂದ ರೂಢಿ. ಯಾವ ಹಡಗಿಗೆ ಲಾರಿ ಕೊಡಬೇಕು ಎಂದು ಚಾಲಕನೂ ಕಚೇರಿಯವರ ಕಿವಿಯಲ್ಲಿ ಒಂದು ಮಾತು ಹಾಕುತ್ತಾನೆ ಎಂಬುದು ಹಡಗಿನ ಕಂಪನಿಗಳಿಗೆ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಅದು ದಾಕ್ಷಿಣ್ಯದ ಊಟವಲ್ಲ, ಬಾಡಿಗೆಯಲ್ಲಿ ಹಣ ತೆತ್ತ ಊಟ. ಕೂಪನ್ ಹಿಡಿದು ನಿಂತ ಚಾಲಕನಿಗೆ ಪ್ರವಾಸಿಗಳ ಸಾಲು ಮುಗಿಯುವವರೆಗೆ ಕಾಯಲು ಹೇಳಿದ್ದನ್ನು ನಾನು ಒಂದು ಹಡಗಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಇದನ್ನು ಒಪ್ಪಿಕೊಳ್ಳಬಾರದು.

ಬಾಣಲೆ

ನಾನು ಚಾಲಕನಲ್ಲ. ಇಂತಹ ಹಡಗುಗಳ ಅಡುಗೆಮನೆಯಲ್ಲಿ ಆರು ವರ್ಷ ಕೆಲಸ ಮಾಡಿದವನು. ಶೈತ್ಯಲಾರಿಯವರ ತಟ್ಟೆಯ ವರ್ಣನೆ ಓದಿ, ಆ ಗೊಜ್ಜಿನ ಕೆನೆಗೆ ನಾನೂ ಒಂದಿಷ್ಟು ಹೊಣೆಗಾರ ಎನಿಸಿದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳಿಕೊಳ್ಳುತ್ತೇನೆ.

ಸಣ್ಣ ಮಾರ್ಗದ ಹಡಗು ದಿನಕ್ಕೆ ಹಲವು ಬಾರಿ ಹೋಗಿ ಬರುತ್ತದೆ, ಬಂದರಿನಲ್ಲಿ ನಿಲ್ಲುವುದು ಮುಕ್ಕಾಲು ಗಂಟೆ, ಒಂದು ಗಂಟೆ. ಪ್ರತಿ ಸಲವೂ ನೂರಾರು ಜನ ಒಂದೇ ಬಾಗಿಲಿನಿಂದ ಒಂದೇ ಕಾಲು ಗಂಟೆಯಲ್ಲಿ ನುಗ್ಗುತ್ತಾರೆ. ಅವರು ಬರುವಾಗ ಎಲ್ಲವೂ ಸಿದ್ಧವಿರಬೇಕಾದರೆ ಮೊದಲೇ ಬೇಯಿಸಿ, ಬಿಸಿನೀರಿನ ತೊಟ್ಟಿಯ ಮೇಲೆ ಉಕ್ಕಿನ ಟ್ರೇಗಳಲ್ಲಿ ಇರಿಸಿಕೊಂಡಿರಬೇಕು. ಬ್ರಿಟನ್ನಿನ ಆಹಾರ ಸುರಕ್ಷತೆಯ ನಿಯಮದಂತೆ ಬಿಸಿ ಪದಾರ್ಥವನ್ನು 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲು ಬಿಡಬಾರದು. ಸಾರಿನಂತಹ ಪದಾರ್ಥ, ಬೇಯಿಸಿದ ಮಾಂಸ, ಬಟಾಣಿ ಇವೆಲ್ಲ ಆ ಬಿಸಿಯಲ್ಲಿ ಒಂದೆರಡು ಗಂಟೆ ತಡೆದುಕೊಳ್ಳುತ್ತವೆ. ಕರಿದ ಆಲೂಗಡ್ಡೆ ಹತ್ತು ನಿಮಿಷದಲ್ಲಿ ಸೋತು ಮಲಗುತ್ತದೆ. ಗೊಜ್ಜಿನ ಮೇಲೆ ಕೆನೆ ಕಟ್ಟುವುದು ಸೌಟು ಆಡಿಸುವ ಕೈ ಬೇರೆಲ್ಲೋ ಇದ್ದಾಗ. ರಾತ್ರಿ ಎರಡೂವರೆಗೆ ಆ ಕೈ ಸಾಮಾನ್ಯವಾಗಿ ಪಾತ್ರೆ ತೊಳೆಯುತ್ತಿರುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ತಿಳಿದಿರುವುದಿಲ್ಲ. ಹಡಗಿನ ಒಲೆ ವಿದ್ಯುತ್ತಿನದು. ಒಲೆಯ ಸುತ್ತ ಪಾತ್ರೆ ಜಾರದಂತೆ ಕಂಬಿ ಕಟ್ಟಿರುತ್ತದೆ. ಎಣ್ಣೆಯಲ್ಲಿ ಕರಿಯುವ ಯಂತ್ರಕ್ಕೆ ಬೆಂಕಿ ನಂದಿಸುವ ಪ್ರತ್ಯೇಕ ವ್ಯವಸ್ಥೆ ಇರಬೇಕೆಂದು ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವೇ ಹೇಳುತ್ತದೆ. ಕಡಲು ಎದ್ದಿದೆ ಎಂದು ಮೇಲಿನಿಂದ ಸೂಚನೆ ಬಂದ ಕೂಡಲೇ ನಾವು ಮೊದಲು ಆರಿಸುತ್ತಿದ್ದುದು ಆ ಯಂತ್ರವನ್ನೇ. ಆಮೇಲೆ ಸೂಪಿನ ಪಾತ್ರೆಗಳಲ್ಲಿ ಅರ್ಧದಷ್ಟನ್ನು ಖಾಲಿ ಮಾಡುತ್ತಿದ್ದೆವು. ಹಳಬರೊಬ್ಬರು ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸುವುದನ್ನು ಕಲಿಸಿಕೊಟ್ಟರು. ಒಣ ಮೇಜಿನ ಮೇಲೆ ಜಾರುವ ತಟ್ಟೆ ಒದ್ದೆ ಬಟ್ಟೆಯ ಮೇಲೆ ಅಂಟಿಕೊಂಡಂತೆ ಕೂರುತ್ತದೆ. ಹಡಗಿನ ಪಕ್ಕದಿಂದ ಹೊರಚಾಚುವ ರೆಕ್ಕೆಗಳು ಎಡಬಲದ ಹೊಯ್ದಾಟವನ್ನು ತಗ್ಗಿಸುತ್ತವೆಯೇ ಹೊರತು ಮುಂಭಾಗ ಎದ್ದು ಬೀಳುವುದನ್ನು ತಡೆಯಲಾರವು, ಆದ್ದರಿಂದ ಎದುರು ಅಲೆಯಿದ್ದ ದಿನ ಬ್ರೆಡ್ಡು, ಬಿಸ್ಕೆಟ್, ಚಹಾ ಬಿಟ್ಟು ಬೇರೇನೂ ಖರ್ಚಾಗುತ್ತಿರಲಿಲ್ಲ.

ಟ್ಯಾಂಕರ್ ಅವರ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲಿನಲ್ಲಿ ಯಾರು ಮೊದಲು ಎಂಬುದನ್ನು ಬಡಿಸುವವನು ನಿರ್ಧರಿಸುವುದಿಲ್ಲ ಸರ್.

ಹನ್ನೆರಡನೆಯವನು

ಹಡಗುಗಳಲ್ಲಿ ಇನ್ನೊಂದು ಜಾತಿಯಿದೆ. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತೊಯ್ದರೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದು ಪ್ರಯಾಣಿಕ ಹಡಗು ಎನಿಸಿಕೊಳ್ಳುತ್ತದೆ, ಕಟ್ಟುಪಾಡುಗಳೂ ಖರ್ಚೂ ಏರುತ್ತವೆ. ಆದ್ದರಿಂದ ಬರಿಯ ಸರಕಿನ ಹಡಗುಗಳು ನೂರಾರು ಟ್ರೇಲರ್ ತುಂಬಿಕೊಂಡರೂ ಚಾಲಕರನ್ನು ಮಾತ್ರ ಹನ್ನೆರಡಕ್ಕೆ ನಿಲ್ಲಿಸುತ್ತವೆ. ಉಳಿದ ಟ್ರೇಲರ್‌ಗಳು ಚಾಲಕರಿಲ್ಲದೆ ಪಯಣಿಸುತ್ತವೆ. ತುರ್ಕಿಯಿಂದ ಇಟಲಿಯ ತ್ರಿಯೆಸ್ತೆಗೆ ಹೋಗುವ ಮಾರ್ಗದಲ್ಲಿ ಲಾರಿಗಳು ಹಡಗಿನಲ್ಲಿ ಹೋಗಿ ಚಾಲಕರು ವಿಮಾನದಲ್ಲಿ ಬರುವ ಪದ್ಧತಿ ಬೆಳೆದದ್ದೂ ಇದೇ ಕಾರಣಕ್ಕೆ.

ಆ ಹನ್ನೆರಡು ಜನರಲ್ಲಿ ಒಬ್ಬನಾಗುವ ಭಾಗ್ಯ ಸಿಕ್ಕರೆ ಬೇರೆಲ್ಲ ಹಡಗೂಟವನ್ನು ಮರೆತುಬಿಡುತ್ತೀರಿ. ಅಲ್ಲಿ ಅಂಗಡಿಯಿಲ್ಲ, ಪ್ರವಾಸಿಗಳಿಲ್ಲ, ಕೂಪನ್ನೂ ಇಲ್ಲ. ಹಡಗಿನ ಸಿಬ್ಬಂದಿ ಉಣ್ಣುವ ಮೆಸ್‌ನಲ್ಲಿ, ಅವರು ಉಣ್ಣುವ ಹೊತ್ತಿಗೆ, ಅವರು ಉಣ್ಣುವುದನ್ನೇ ಉಣ್ಣಬೇಕು. ಅಡುಗೆಯವರು ಫಿಲಿಪ್ಪೀನ್ಸ್‌ನವರಾಗಿದ್ದರೆ ಅನ್ನ ಮೂರು ಹೊತ್ತೂ ಇರುತ್ತದೆ. ಅದು ಅವರು ತಮಗಾಗಿ ಮಾಡಿಕೊಂಡ ಅಡುಗೆ, ಆದ್ದರಿಂದ ಅದರಲ್ಲಿ ಉದಾಸೀನ ಇರುವುದಿಲ್ಲ. ಕೆಟ್ಟದ್ದೆಂದರೆ ಹೊತ್ತು. ಸಂಜೆ ಐದೂವರೆಗೆ ರಾತ್ರಿಯೂಟ ಎಂದರೆ ಐದೂವರೆಗೇ. ಆರು ಗಂಟೆಗೆ ಬಂದವನಿಗೆ ಸಿಗುವುದು ಚಹಾದ ಪಾತ್ರೆ ಮತ್ತು ಅಡುಗೆಯವರ ಬೆನ್ನು. ಬೆಳಗಿನ ಜಾವದಿಂದ ಓಡಿಸಿ ಬಂದವನು ಹತ್ತಿದ ಕೂಡಲೇ ಮಲಗಿಬಿಟ್ಟು ಐದೂವರೆಯನ್ನು ಕಳೆದುಕೊಂಡರೆ ಮುಂದಿನ ಊಟ ಮರುದಿನವೇ. ಹಾಗಾಗಿ ನನ್ನ ಉತ್ತರ: ಮೊದಲು ಉಣ್ಣಿ, ಆಮೇಲೆ ಮಲಗಿ. ನಿದ್ದೆಯನ್ನು ಮುಂದಕ್ಕೆ ತಳ್ಳಬಹುದು, ಮೆಸ್ಸಿನ ಬಾಗಿಲನ್ನು ತಳ್ಳಲಾಗುವುದಿಲ್ಲ.

ಎಡಬದಿ_ಸ್ಟಿಯರಿಂಗ್

ನಾನು ಹೆಣ್ಣುಮಗಳು, ಐರ್ಲೆಂಡಿನ ರಾಸ್‌ಲೇರ್ ಬಂದರಿನಿಂದ ಫ್ರಾನ್ಸಿನ ಡಂಕರ್ಕ್‌ಗೆ ಓಡಾಡುವವಳು. ಬ್ರಿಟನ್ ಯುರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ಮೇಲೆ ಅದರ ನೆಲವನ್ನು ಮುಟ್ಟದೆಯೇ ಹೋಗಲೆಂದು 2021ರ ಜನವರಿಯಲ್ಲಿ ಈ ಮಾರ್ಗ ಆರಂಭವಾಯಿತು. ಹೆಚ್ಚುಕಡಿಮೆ ಒಂದು ಇಡೀ ದಿನದ ಪ್ರಯಾಣ. ಆದ್ದರಿಂದ ಒಂದೇ ಹಡಗಿನಲ್ಲಿ ಮೂರು ಊಟ.

ನನ್ನ ಅನುಭವ ಬೇರೆಯವರದಕ್ಕಿಂತ ಸ್ವಲ್ಪ ಭಿನ್ನ. ಚಾಲಕರಿಗೆ ಪ್ರತ್ಯೇಕ ಊಟದ ಕೋಣೆ ಇರುವುದನ್ನು ಎಲ್ಲರೂ ಸವಲತ್ತು ಎನ್ನುತ್ತಾರೆ. ಆ ಕೋಣೆಯ ಬಾಗಿಲು ತೆಗೆದಾಗ ನಲವತ್ತು ತಲೆಗಳು ಒಮ್ಮೆಗೇ ತಿರುಗುವುದನ್ನು ಅವರು ಅನುಭವಿಸಿಲ್ಲ. ಮೊದಲ ವರ್ಷ ಪ್ರವಾಸಿಗಳ ಉಪಾಹಾರ ಗೃಹದಲ್ಲಿ ನನ್ನದೇ ಹಣ ಕೊಟ್ಟು ತಿನ್ನುತ್ತಿದ್ದೆ. ಒಂದು ದಿನ ರೊಮೇನಿಯಾದ ಹಿರಿಯ ಚಾಲಕರೊಬ್ಬರು ತಮ್ಮ ಮೇಜಿನ ಪಕ್ಕದ ಕುರ್ಚಿಯ ಮೇಲಿದ್ದ ಜಾಕೆಟ್ ತೆಗೆದು, ಏನೂ ಮಾತಾಡದೆ, ಕುರ್ಚಿಯನ್ನು ಹಿಂದಕ್ಕೆಳೆದು ಕೊಟ್ಟರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ರೊಮೇನಿಯನ್ ಬಾರದು. ಅವರು ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದರು. ಈಗ ಯಾವ ಹಡಗಿಗೆ ಹೋದರೂ ಆ ಕೋಣೆಯಲ್ಲೇ ಉಣ್ಣುತ್ತೇನೆ.

ಅಂದಹಾಗೆ ದೀರ್ಘ ಪ್ರಯಾಣದಲ್ಲಿ ಎಚ್ಚರಿಕೆ ಬೇಕಾಗಿರುವುದು ಹಸಿವಿನ ಬಗ್ಗೆ ಅಲ್ಲ, ಬೇಸರದ ಬಗ್ಗೆ. ಮಾಡಲು ಬೇರೆ ಕೆಲಸವಿಲ್ಲದಿದ್ದಾಗ ಊಟವೇ ಕಾಲಕ್ಷೇಪವಾಗುತ್ತದೆ. ಮೂರು ಹೊತ್ತೂ ತಟ್ಟೆ ತುಂಬ ಬಡಿಸಿಕೊಂಡು, ಮೆಟ್ಟಿಲು ಹತ್ತಿಳಿಯುವುದನ್ನು ಬಿಟ್ಟರೆ ಕೈಕಾಲು ಆಡಿಸದೆ, ಎರಡು ವರ್ಷಗಳಲ್ಲಿ ನನ್ನ ತೂಕ ಒಂಬತ್ತು ಕಿಲೋ ಏರಿತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮಾಡಿದವರು ಹಡಗಿನ ಬಫೆ ನೋಡಿರಲಿಲ್ಲ.

ಮರದದಿಮ್ಮಿ

ಸ್ವೀಡನ್ ಕಡೆಗೆ ಹೋಗುವವರು ಬಫೆಯ ಇನ್ನೊಂದು ತುದಿಯಲ್ಲಿರುವ ಬಿಯರ್ ನಲ್ಲಿಯ ಬಗ್ಗೆಯೂ ಎಚ್ಚರ ವಹಿಸಬೇಕು. ಜರ್ಮನಿಯ ಟ್ರಾವೆಮ್ಯುಂಡೆಯಿಂದ ಟ್ರೆಲೆಬೋರ್ಗ್‌ಗೆ ರಾತ್ರಿ ದಾಟಿದರೆ ಸಿಗುವುದು ಏಳೆಂಟು ಗಂಟೆ. ಸ್ವೀಡನ್‌ನಲ್ಲಿ ರಕ್ತದ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.2, ಇಂಗ್ಲೆಂಡಿನ 0.8ರ ಕಾಲುಭಾಗ. ರಾತ್ರಿ ಹನ್ನೊಂದರವರೆಗೆ ಊಟದ ಜೊತೆ ಕುಡಿಯುತ್ತ ಕುಳಿತವನಿಗೆ ಬೆಳಿಗ್ಗೆ ಆರಕ್ಕೆ ಬಂದರಿನ ದ್ವಾರದಲ್ಲಿ ಊದು ಎಂದರೆ ನಿದ್ದೆ ಮಾಡಿದ್ದೇನೆ ಎಂಬ ಸಬೂಬು ನಡೆಯುವುದಿಲ್ಲ. ನಾನು ಊಟಕ್ಕೆ ಹಾಲು ಕುಡಿಯುತ್ತೇನೆ. ಗೆಳೆಯರು ನಗುತ್ತಾರೆ, ನಗಲಿ.

ಒಂಟಿಸಾಲು

ಎಲ್ಲರೂ ಮೇಲೆ ಹೋಗಿ ಉಣ್ಣುವ ಬಗ್ಗೆಯೇ ಬರೆದಿದ್ದೀರಿ. ನಾನು ಹಲವು ವರ್ಷ ಮೇಲೆ ಹೋಗುತ್ತಲೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಲಾರಿಯ ಕ್ಯಾಬ್‌ನಲ್ಲಿ ನನ್ನದೇ ಹಾಸಿಗೆ ಇದೆ, ನನ್ನದೇ ಡಬ್ಬಿಯಲ್ಲಿ ನನಗೆ ಒಗ್ಗುವ ಅಡುಗೆ ಇದೆ. ಪರದೆ ಎಳೆದು ಸದ್ದಿಲ್ಲದೆ ಕುಳಿತರೆ ಡೆಕ್ಕಿನ ಸಿಬ್ಬಂದಿಗೆ ಗೊತ್ತಾಗುವುದಿಲ್ಲ. ಊಟವೂ ಆಯಿತು, ನಿದ್ದೆಯೂ ಆಯಿತು, ಮೆಟ್ಟಿಲೂ ತಪ್ಪಿತು. ಶೈತ್ಯಲಾರಿಯವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವುದು?

ಉತ್ತರಸಮುದ್ರ

ಒಂಟಿಸಾಲು ಅವರೇ, ದಯವಿಟ್ಟು ಇದನ್ನು ಉತ್ತರವೆಂದು ಯಾರಿಗೂ ಸೂಚಿಸಬೇಡಿ. ಪ್ರಯಾಣದಲ್ಲಿ ವಾಹನಗಳ ಡೆಕ್ಕಿನ ಬಾಗಿಲು ಹಾಕುವುದು ಸುಮ್ಮನೆ ಅಲ್ಲ. 2014ರ ಡಿಸೆಂಬರ್ 28ರಂದು ಗ್ರೀಸಿನಿಂದ ಇಟಲಿಯ ಅಂಕೋನಾಕ್ಕೆ ಹೊರಟಿದ್ದ ನಾರ್ಮನ್ ಅಟ್ಲಾಂಟಿಕ್ ಹಡಗಿನಲ್ಲಿ ಬೆಂಕಿ ಹುಟ್ಟಿದ್ದು ವಾಹನಗಳ ಡೆಕ್ಕಿನಲ್ಲೇ. 2022ರ ಫೆಬ್ರವರಿ 18ರಂದು ಇಗುಮೆನಿತ್ಸಾದಿಂದ ಬ್ರಿಂಡಿಸಿಗೆ ಹೋಗುತ್ತಿದ್ದ ಯೂರೋಫೆರಿ ಒಲಿಂಪಿಯಾ ಕಾರ್ಫು ದ್ವೀಪದ ಬಳಿ ಹೊತ್ತಿ ಉರಿದಾಗ ಸತ್ತವರಲ್ಲಿ ಲಾರಿ ಚಾಲಕರೇ ಹೆಚ್ಚು. ಮೇಲಿನ ಕೋಣೆಗಳು ಕಿಕ್ಕಿರಿದಿದ್ದವು, ಆದ್ದರಿಂದ ಹಲವರು ಲಾರಿಯಲ್ಲೇ ಮಲಗುತ್ತಿದ್ದರು ಎಂಬ ಮಾತು ಆಗ ಚಾಲಕರ ಕಡೆಯಿಂದಲೇ ಕೇಳಿಬಂತು. ಬೆಂಕಿಯೇ ಆಗಬೇಕೆಂದಿಲ್ಲ. 2018ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಲಾರ್ನ್‌ನಿಂದ ಸ್ಕಾಟ್ಲೆಂಡಿನ ಕೇರ್ನ್‌ರಯನ್‌ಗೆ ಹೋಗುತ್ತಿದ್ದ ಹಡಗಿನಲ್ಲಿ, ಬಿರುಗಾಳಿಗೆ ಲಾರಿಗಳು ಒಂದರ ಮೇಲೊಂದು ಮಗುಚಿಕೊಂಡವು. ಕೆಲವು ಚಾಲಕರು ಕ್ಯಾಬ್‌ನೊಳಗೇ ಉಳಿದಿದ್ದರೆಂಬುದು ಬೆಳಕಿಗೆ ಬಂತು. ಅದು ಕೇವಲ ಎರಡು ಗಂಟೆಯ ಮಾರ್ಗ.

ಚಾಲಕ ಕೆಳಗೇ ಏಕೆ ಉಳಿಯುತ್ತಾನೆ ಎಂದು ಕೇಳಿಕೊಂಡರೆ ನಮ್ಮ ಈ ಚರ್ಚೆಗೇ ಬಂದು ನಿಲ್ಲುತ್ತೇವೆ. ಮೇಲೆ ಉಣ್ಣುವಂತಹ ಊಟ ಮತ್ತು ಕಾಲು ಚಾಚುವಷ್ಟು ಜಾಗ ಇದ್ದರೆ ಅವನು ಮೇಲೆ ಬರುತ್ತಾನೆ. ಸಾಲು ಉದ್ದವಿದ್ದು, ತಟ್ಟೆಯಲ್ಲಿ ಒಗ್ಗದ ಪದಾರ್ಥವಿದ್ದು, ಕುರ್ಚಿಯಲ್ಲೇ ರಾತ್ರಿ ಕಳೆಯಬೇಕೆಂದರೆ ಪರದೆ ಎಳೆದುಕೊಳ್ಳುತ್ತಾನೆ. ಹಡಗಿನ ಕಂಪನಿಗಳು ಊಟದ ಖರ್ಚನ್ನು ಆತಿಥ್ಯದ ಲೆಕ್ಕದಲ್ಲಿ ಬರೆಯುತ್ತವೆ. ನನ್ನ ಮಟ್ಟಿಗೆ ಅದು ಜೀವರಕ್ಷಕ ಜಾಕೆಟ್ಟಿನ ಪಕ್ಕದಲ್ಲಿ ಬರೆಯಬೇಕಾದ ಖರ್ಚು.

ಒಂಟಿಸಾಲು

ಉತ್ತರಸಮುದ್ರ ಅವರಿಗೆ: ನಾನು ಆ ಅಭ್ಯಾಸ ಬಿಟ್ಟು ಮೂರು ವರ್ಷವಾಯಿತು. ಮೊದಲೇ ಸ್ಪಷ್ಟವಾಗಿ ಬರೆಯಬೇಕಿತ್ತು. ಬಿಡಿಸಿದ್ದು ಬೆಂಕಿಯ ಭಯವಲ್ಲ. ಒಂದು ರಾತ್ರಿ ಎಚ್ಚರವಾದಾಗ ಸುತ್ತಲೂ ಕತ್ತಲು, ಪಕ್ಕದ ಶೈತ್ಯಲಾರಿಯ ಯಂತ್ರದ ಮೊರೆತ, ಬಿಗಿದ ಸರಪಳಿಗಳ ಕಿರುಗುಟ್ಟುವಿಕೆ. ಕ್ಯಾಬ್‌ನ ಬಾಗಿಲು ಗೇಣುದ್ದ ಮಾತ್ರ ತೆರೆಯಿತು, ಏಕೆಂದರೆ ಆಚೆಗೆ ಇನ್ನೊಂದು ಟ್ರೇಲರ್ ತಾಗಿಕೊಂಡಂತೆ ನಿಂತಿತ್ತು. ಅಷ್ಟು ಸಾಕಾಯಿತು.

ಈಗ ಮೇಲೆಯೇ ಉಣ್ಣುತ್ತೇನೆ. ಆದರೂ ಡಬ್ಬಿಯ ಊಟದ ಆಸೆ ಹೋಗಿಲ್ಲ. ಬಂದರಿನ ಸಾಲಿನಲ್ಲಿ ನಿಂತಾಗ ತುರ್ಕಿಯ ಚಾಲಕರು ಟ್ರೇಲರ್‌ನ ಪಕ್ಕಕ್ಕೆ ಜೋಡಿಸಿದ ಪೆಟ್ಟಿಗೆಯ ಮುಚ್ಚಳವನ್ನು ಕೆಳಗಿಳಿಸುತ್ತಾರೆ. ಆ ಮುಚ್ಚಳವೇ ಮೇಜಾಗುತ್ತದೆ, ಒಳಗೆ ಪುಟ್ಟ ಗ್ಯಾಸ್ ಒಲೆ, ಚಹಾದ ಜೋಡಿ ಕೆಟಲ್, ಈರುಳ್ಳಿ, ಒಣಮೆಣಸಿನ ಪುಡಿ. ಹಡಗು ಹತ್ತುವ ಮೊದಲು ಸಿಲಿಂಡರ್ ಬಂದ್ ಮಾಡಿ ಪೆಟ್ಟಿಗೆ ಮುಚ್ಚುತ್ತಾರೆ. ಹಡಗಿನವರ ಅಡುಗೆ ಹೇಗಿದ್ದರೂ ಅವರ ಹೊಟ್ಟೆ ಆಗಲೇ ತುಂಬಿರುತ್ತದೆ, ಮೇಲೆ ಹೋಗಿ ನೆಮ್ಮದಿಯಿಂದ ಮಲಗುತ್ತಾರೆ.

ಟ್ಯಾಂಕರ್

ಡಬ್ಬಿಯ ವಿಷಯ ಬಂದದ್ದರಿಂದ ಒಂದು ಮಾತು. ಬ್ರಿಟನ್‌ನಿಂದ ಯುರೋಪಿನ ಒಕ್ಕೂಟಕ್ಕೆ ಹೋಗುವವರು 2021ರ ಜನವರಿ 1ರಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಜೊತೆಯಲ್ಲಿ ಒಯ್ಯುವಂತಿಲ್ಲ. ಆ ತಿಂಗಳಲ್ಲೇ ನೆದರ್ಲೆಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ಸುಂಕದ ಅಧಿಕಾರಿಗಳು ಚಾಲಕರೊಬ್ಬರ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ವಶಪಡಿಸಿಕೊಂಡದ್ದು ಟಿವಿಯಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಮಾಂಸ ತೆಗೆದುಕೊಂಡು ಬ್ರೆಡ್ಡನ್ನಾದರೂ ಬಿಡಬಾರದೇ ಎಂದು ಅವರು ಕೇಳಿದ್ದನ್ನೂ, ಅಧಿಕಾರಿಗಳು ಒಪ್ಪದಿದ್ದುದನ್ನೂ ಹಲವರು ನೋಡಿರಬಹುದು. ಆ ಕಡೆಯಿಂದ ಈ ಕಡೆಗೂ ಬಾಗಿಲು ಮುಚ್ಚಿತು: ಕಾಲುಬಾಯಿ ರೋಗದ ಕಾರಣ 2025ರ ಏಪ್ರಿಲ್ 12ರಿಂದ ಬ್ರಿಟನ್ ಸಹ ಒಕ್ಕೂಟದ ದೇಶಗಳಿಂದ ಹಸು, ಕುರಿ, ಆಡು, ಹಂದಿಗಳ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ವೈಯಕ್ತಿಕ ಬಳಕೆಗೆ ತರುವುದನ್ನು ನಿಷೇಧಿಸಿತು. ಸ್ಯಾಂಡ್‌ವಿಚ್ ಸಹ ಅದರಲ್ಲಿ ಸೇರಿದೆ. ಹೀಗಾಗಿ ಡಬ್ಬಿಯಲ್ಲಿರುವುದನ್ನು ದಡ ಮುಟ್ಟುವ ಮೊದಲೇ ಮುಗಿಸಬೇಕು, ಇಲ್ಲವೇ ಹಡಗಿನ ಕಸದ ತೊಟ್ಟಿಗೆ ಹಾಕಬೇಕು.

ಒಕ್ಕೂಟದ ನಿಯಮದಲ್ಲಿ ಒಂದು ತಮಾಷೆಯ ಕಿಂಡಿಯಿದೆ. ಹೊರಗಿನಿಂದ ಬರುವ ಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅನಾನಸ್, ತೆಂಗು, ಡ್ಯೂರಿಯನ್, ಬಾಳೆ, ಖರ್ಜೂರ ಈ ಐದಕ್ಕೆ ಮಾತ್ರ ಬೇಡ. ಡ್ಯೂರಿಯನ್ ಹಣ್ಣನ್ನು ಕ್ಯಾಬ್‌ನಲ್ಲಿಟ್ಟು ಮಲಗುವ ಧೈರ್ಯ ಯಾರಿಗೂ ಬಾರದು. ಬಾಳೆಹಣ್ಣನ್ನು ಮಾತ್ರ ನಿಶ್ಚಿಂತೆಯಿಂದ ಒಯ್ಯಿರಿ.

ಎಡಬದಿ_ಸ್ಟಿಯರಿಂಗ್

ಟ್ಯಾಂಕರ್ ಅವರ ಮಾತು ಓದಿ 2020ರ ಡಿಸೆಂಬರ್ ನೆನಪಾಯಿತು. ಕೊರೊನಾ ವೈರಸ್ಸಿನ ಹೊಸ ರೂಪದ ಭಯದಿಂದ ಫ್ರಾನ್ಸ್ ಗಡಿ ಮುಚ್ಚಿ, ಸಾವಿರಾರು ಲಾರಿಗಳು ಕ್ರಿಸ್‌ಮಸ್‌ವರೆಗೂ ಕೆಂಟ್ ಪ್ರಾಂತದ ಹೆದ್ದಾರಿಯಲ್ಲೂ ಮ್ಯಾನ್‌ಸ್ಟನ್‌ನ ಹಳೆಯ ವಿಮಾನ ನಿಲ್ದಾಣದಲ್ಲೂ ನಿಂತುಬಿಟ್ಟಿದ್ದವು. ಹಡಗೇ ಇಲ್ಲದ ಮೇಲೆ ಹಡಗಿನ ಊಟ ಎಲ್ಲಿಯದು? ಆಗ ಸಿಖ್ಖರ ಸೇವಾ ಸಂಸ್ಥೆಯಾದ ಖಾಲ್ಸಾ ಏಡ್‌ನವರು ಗ್ರೇವ್ಸೆಂಡ್‌ನ ಗುರುದ್ವಾರದ ಅಡುಗೆಮನೆಯಿಂದ ಕಡಲೆಕಾಳಿನ ಪಲ್ಯವನ್ನು ಬಿಸಿಬಿಸಿಯಾಗಿ ತಂದು ಸಾಲಿನಲ್ಲಿದ್ದವರಿಗೆ ಹಂಚಿದರು. ನನ್ನ ಪರಿಚಯದ ಪೋಲೆಂಡಿನ ಚಾಲಕರೊಬ್ಬರು ಅಂದಿನಿಂದ ಕಡಲೆಕಾಳು ಕಂಡರೆ ಬಿಡುವುದಿಲ್ಲ.

ಬಾಣಲೆ

ಶೈತ್ಯಲಾರಿಯವರ ಮೂಲ ಪ್ರಶ್ನೆಗೆ ನಾನು ಉತ್ತರಿಸಿಯೇ ಇರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದವನಾಗಿ ಹೇಳುವುದಾದರೆ, ಹತ್ತಿದ ಕೂಡಲೇ ಸಾಲಿಗೆ ನುಗ್ಗುವವರು ಹೆಚ್ಚು ಹೊತ್ತು ಕಳೆದುಕೊಳ್ಳುತ್ತಾರೆ. ಅನುಭವಿಗಳು ಮೊದಲು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಸಾಲು ಕರಗಿದ ಮೇಲೆ ಬರುತ್ತಿದ್ದರು. ಅಷ್ಟರಲ್ಲಿ ಪ್ರವಾಸಿಗಳ ಗಲಾಟೆ ತಗ್ಗಿ, ಎರಡನೆಯ ಸಲ ಕರಿದ ಚಿಪ್ಸ್ ಹೊರಬಂದಿರುತ್ತಿತ್ತು. ಇಂತಹವರಿಗೆ ನಾವು ಬಡಿಸುವ ಕೈಯೂ ಸ್ವಲ್ಪ ಧಾರಾಳವಾಗಿರುತ್ತಿತ್ತು. ಇದು ಎಲ್ಲ ಹಡಗಿಗೂ ಹೊಂದುತ್ತದೆ ಎನ್ನಲಾರೆ. ಹನ್ನೆರಡನೆಯವರ ಮೆಸ್ಸಿನಲ್ಲಿ ಹೀಗೆ ಮಾಡಿದರೆ ಉಪವಾಸವೇ ಗತಿ.

ಶೈತ್ಯಲಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆ. ನಿನ್ನೆ ರಾತ್ರಿ ಬಾಣಲೆಯವರ ಸಲಹೆಯನ್ನು ಪರೀಕ್ಷಿಸಿದೆ. ಮೆಟ್ಟಿಲು ಹತ್ತಿ, ಸಾಲಿನ ಕಡೆ ನೋಡದೆ, ಮೂಲೆಯ ಕುರ್ಚಿಯಲ್ಲಿ ಕುಳಿತು, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ತೋಳಿನ ಮೇಲೆ ತಲೆಯಿಟ್ಟೆ. ಅಲಾರಂ ಬಾರಿಸಿತೋ ಇಲ್ಲವೋ ತಿಳಿಯದು. ಎಚ್ಚರವಾದಾಗ ಯಾರೋ ಭುಜ ಅಲುಗಾಡಿಸುತ್ತಿದ್ದರು, ವಾಹನಗಳಿಗೆ ಮರಳಬೇಕೆಂಬ ಪ್ರಕಟಣೆ ಮೂರನೇ ಭಾಷೆಯಲ್ಲಿ ಕೇಳುತ್ತಿತ್ತು, ಊಟದ ಟ್ರೇಗಳ ಮೇಲೆ ಮುಚ್ಚಳ ಬಿದ್ದಿತ್ತು. ಭುಜ ಅಲುಗಾಡಿಸಿದವರು ಮೊನ್ನೆ ಎದುರಿನ ಮೇಜಿನಲ್ಲಿ ತಟ್ಟೆ ಸರಿಸಿ ಮಲಗಿದ್ದವರೇ. ಅಂದು ಅವರಿಗೆ ನಿದ್ದೆ ಬೇಕಿತ್ತು, ನಿನ್ನೆ ಊಟ ಬೇಕಿತ್ತೆಂದು ಕಾಣುತ್ತದೆ. ತಟ್ಟೆ ಒರೆಸಿದಂತೆ ಖಾಲಿಯಾಗಿತ್ತು.

ಕ್ಯಾಬ್‌ನ ಗೂಡಿನಲ್ಲಿ ಎರಡು ಬಾಳೆಹಣ್ಣು ಇದ್ದವು. ಕ್ಯಾಲೆಯಲ್ಲಿ ತಪಾಸಣೆಯವರು ಅವನ್ನು ನೋಡಿದರು, ಏನೂ ಹೇಳಲಿಲ್ಲ. ಮುಂದಿನ ತಂಗುದಾಣದವರೆಗೆ ಅಷ್ಟೇ ಆಯಿತು.